ತಿಮ್ಮಿ ಅಡಗಿದ ಹಗೇವು

ಸಮಾಜ ವಿಜ್ಞಾನದ ಪುಸ್ತಕದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಪಾಳೆಯಗಾರರು ಅಂದರೆ ಯಾರು ಎಂಬುದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಕೆಳಗೆ ‘ಬಿಟ್ಟ ಸ್ಥಳ ತುಂಬಿರಿ’ ಅಂದರೆ ಐದನೇ ತರಗತಿಯ ಯಾವ ಮಗುವಿನ ತಲೆಗೆ ಹೋಗುತ್ತದೆ? ನಮ್ಮ ಶಾಲೆಯ ಕಿಟಕಿಯಿಂದ ಕತ್ತು ಚಾಚಿದರೆ ಮಿಡಿಗೇಶಿ ಬೆಟ್ಟ, ಅದರ ಮೇಲಿನ ಕೋಟೆಯ ಗೋಡೆ, ಎರಡೂ ಕಾಣುತ್ತವೆ. ಮಕ್ಕಳು ಮಾತ್ರ ಆ ಗೋಡೆಗೆ ಬೆನ್ನು ಹಾಕಿ ಕೂತು ಬಿಟ್ಟ ಸ್ಥಳ ತುಂಬುತ್ತಿದ್ದರು. ಇದನ್ನು ನೋಡಿ ನೋಡಿ ನನಗೆ ರೋಸಿಹೋಗಿತ್ತು.

ಹಾಗಾಗಿ ಈ ವರ್ಷ ಗ್ರಂಥಾಲಯದ ಪುಸ್ತಕದ ಕಟ್ಟಿನಲ್ಲಿ ಬಂದಿದ್ದ ಒಂದು ಮಕ್ಕಳ ಕಾದಂಬರಿಯನ್ನು ಕೈಗೆತ್ತಿಕೊಂಡೆ. ಶತ್ರುಗಳು ಮುತ್ತಿಗೆ ಹಾಕಿದ ಕೋಟೆಯೊಳಗೆ ಸಿಕ್ಕಿಕೊಂಡ ತಿಮ್ಮಿ ಎಂಬ ಹುಡುಗಿಯ ಕಥೆ ಅದು. ದಿನಕ್ಕೊಂದು ಅಧ್ಯಾಯ ಓದುವುದು, ಓದಿದ್ದರ ಮೇಲೆ ಒಂದು ಚಟುವಟಿಕೆ. ಕೆಮ್ಮಣ್ಣಿನಲ್ಲಿ ಕೋಟೆ ಕಟ್ಟಿದೆವು. ಕೋಟೆಯ ಮುನ್ನೂರು ಜನಕ್ಕೆ ತಿಂಗಳಿಗೆ ಎಷ್ಟು ರಾಗಿ ಬೇಕು ಎಂದು ಲೆಕ್ಕ ಹಾಕಿದೆವು. ಬೆಂಚುಗಳನ್ನು ಅಡ್ಡ ಹಾಕಿ ಯುದ್ಧ ಮಾಡಿದೆವು. ಹೆಡ್‌ಮಾಸ್ಟರ್ ನಂದೀಶ್ವರಯ್ಯನವರು ಬಾಗಿಲಲ್ಲಿ ನಿಂತು, “ಶ್ರೀಲತಾ ಮೇಡಂ, ಸಿಲಬಸ್ ಮುಗಿಸಿಬಿಟ್ಟು ಯುದ್ಧ ಮಾಡಿಸಿ” ಅನ್ನುತ್ತಿದ್ದರು. ನಾನು ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ನನಗೆ ಅಷ್ಟು ಜಂಬ ಬಂದುಬಿಟ್ಟಿತ್ತು.

ಜಂಬಕ್ಕೆ ಕಾರಣ ಮಧುಶ್ರೀ. ನಾಲ್ಕು ವರ್ಷದಿಂದ ಈ ಶಾಲೆಯಲ್ಲಿ ಓದುತ್ತಿದ್ದರೂ ಅವಳ ಧ್ವನಿ ಹೇಗಿದೆ ಎಂದು ಟೀಚರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡಿದ್ದಾನೆ, ತಾಯಿ ಸಿದ್ದಗಂಗಮ್ಮ ಕಡಲೆಕಾಯಿ ಹೊಲಗಳಲ್ಲಿ ಕೂಲಿ ಮಾಡುತ್ತಾಳೆ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆ ಹುಡುಗಿ ತಿಮ್ಮಿಯ ಪಾತ್ರ ನನಗೇ ಬೇಕು ಎಂದು ಎದ್ದು ನಿಂತಳು. ಲಂಗ ಎತ್ತಿಕಟ್ಟಿ, ಬೆಂಚಿನ ಮೇಲೆ ಹತ್ತಿ, ಇಡೀ ತರಗತಿಗೆ ಕೇಳುವ ಹಾಗೆ ಮಾತಾಡಿದಳು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ.

ಒಂಬತ್ತನೇ ಅಧ್ಯಾಯದಲ್ಲಿ ಶತ್ರುಗಳು ಕೋಟೆಗೆ ನುಗ್ಗುತ್ತಾರೆ. ತಿಮ್ಮಿ ತನ್ನ ತಂಗಿಯ ಜತೆ ಹಗೇವಿನೊಳಗೆ ಇಳಿದು ಮೂರು ದಿನ ಅಡಗಿ ಕೂರುತ್ತಾಳೆ. ತಲೆಯ ಮೇಲೆ ಸೈನಿಕರ ಹೆಜ್ಜೆ ಎಣಿಸುತ್ತಾಳೆ. ನಾನು ಹುಟ್ಟಿ ಬೆಳೆದದ್ದು ಮಧುಗಿರಿ ಪೇಟೆಯಲ್ಲಿ, ನಮ್ಮಪ್ಪ ಕೋರ್ಟಿನಲ್ಲಿ ಟೈಪಿಸ್ಟು. ನಮ್ಮ ಮನೆಗೆ ರಾಗಿ ಹಿಟ್ಟಾಗಿಯೇ ಬರುತ್ತಿತ್ತು. ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಎಂಬಷ್ಟು ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ.

“ನಮ್ಮೂರಾಗೂ ಐತೆ ಮಿಸ್,” ಅಂದಳು ಆರ್ಜೂ. ಇವಳು ಮಧುಶ್ರೀಯ ಪಕ್ಕ ಕೂರುವವಳು, ಇಬ್ಬರೂ ಒಂದೇ ಜೀವ. “ನೆಲದಾಗೆ ದೊಡ್ಡ ಗಡಿಗೆ ಹೂತಂಗಿರ್ತೈತೆ. ಮ್ಯಾಲೆ ಕಲ್ಲು ಮುಚ್ಚಿರ್ತಾರೆ. ಈಗ ಯಾರೂ ರಾಗಿ ಹಾಕಲ್ಲ.”

ನನಗೆ ಖುಷಿಯೋ ಖುಷಿ. ಬೋರ್ಡಿನ ಮೇಲೆ ಕಿರಿದಾದ ಬಾಯಿ, ದಪ್ಪ ಹೊಟ್ಟೆಯ ಹಗೇವಿನ ಚಿತ್ರ ಬರೆದೆ. “ಎಲ್ಲರೂ ಊರಿನಲ್ಲಿ ಒಂದೊಂದು ಹಗೇವು ಹುಡುಕಿ. ಬಾಯಿ ಎಷ್ಟು ಅಗಲ ಇದೆ, ಒಳಗೆ ಎಷ್ಟು ಜನ ಕೂರಬಹುದು, ನೋಡಿಕೊಂಡು ಬಂದು ಹೇಳಿ” ಅಂದೆ. ಆಮೇಲೆ ನನಗೆ ಬಹಳ ಇಷ್ಟವಾದ ಮಾತನ್ನೂ ಸೇರಿಸಿದೆ. “ಇತಿಹಾಸ ಅಂದರೆ ಬಾಯಿಪಾಠ ಅಲ್ಲ. ಅವರು ಕೂತ ಜಾಗದಲ್ಲಿ ನೀವೂ ಕೂತು ನೋಡುವುದು.” ದೊಡ್ಡವರನ್ನು ಜತೆಗೆ ಕರೆದುಕೊಂಡು ಹೋಗಿ ಎಂದು ಹೇಳಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ.

ಮಾರನೆಯ ದಿನ ಶುಕ್ರವಾರ. ಬಿಸಿಯೂಟ ಮುಗಿದು ಬೆಲ್ ಹೊಡೆದ ಮೇಲೆ ತಲೆ ಎಣಿಸಿದರೆ ಇಪ್ಪತ್ತೊಂದು. ಇರಬೇಕಾದದ್ದು ಇಪ್ಪತ್ತಮೂರು. ಮಧುಶ್ರೀ ಇಲ್ಲ, ಆರ್ಜೂ ಇಲ್ಲ.

“ಎಲ್ಲಿ ಹೋದ್ರೋ ಇವರಿಬ್ಬರು?”

“ಉಣ್ಣನೇ ಇಲ್ಲ ಮಿಸ್ ಅವ್ರು,” ಅಂದಳು ಮುಂದಿನ ಸಾಲಿನ ಹುಡುಗಿ. “ತಿಮ್ಮಿ ಆಟ ಆಡಕ್ಕೆ ಹಗ್ಗ ತಗಂಡು ಹಳೇ ಬೀದಿ ಕಡೆ ಹೋದ್ರು.”

ನಿಜ ಹೇಳಬೇಕೆಂದರೆ ಆಗ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಹೆಡ್‌ಮಾಸ್ಟರಿಗೆ ಗೊತ್ತಾದರೆ ಒಂದು ವಾರ ಭಾಷಣ ಕೇಳಬೇಕಲ್ಲ ಎಂದುಕೊಂಡು ಹಿಂದಿನ ಅಡುಗೆ ಕೋಣೆಗೆ ಹೋದೆ. ನಮ್ಮ ಬಿಸಿಯೂಟದ ಚಿಕ್ಕಹನುಮಕ್ಕ ಅಂಗಳದಲ್ಲಿ ಕೂತು ಅನ್ನದ ಪಾತ್ರೆ ಉಜ್ಜುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಊರಿನ ಎಲ್ಲರ ಮನೆಯ ವಿಷಯವೂ ಅವಳಿಗೆ ಗೊತ್ತು.

“ಚಿಕ್ಕಹನುಮಕ್ಕ, ಮಧುಶ್ರೀನ ನೋಡಿದ್ರಾ? ಹಗೇವಿಗೆ ಇಳಿದು ಆಟ ಆಡೋಕೆ ಹೋಗಿದ್ದಾಳಂತೆ.”

ಉಜ್ಜುತ್ತಿದ್ದ ಕೈ ನಿಂತಿತು. “ಏನಂದ್ರಿ?”

“ಹಗೇವು. ಒಳಗೆ ಎಷ್ಟು ಜನ ಕೂರಬಹುದು ನೋಡಿಕೊಂಡು ಬನ್ನಿ ಅಂತ ನಾನೇ—”

“ಅಯ್ಯೋ ನಿಮ್ಮ ಮನೆ ಕಾಯ್ವಾಗ! ಹಗೇವಿಗೆ ಮಕ್ಳನ್ನ ಇಳಿಸ್ತಾರೇನಮ್ಮ ಯಾರಾದ್ರೂ?” ಅವಳು ಎದ್ದು ನಿಂತಳು, ಮೊಣಕೈವರೆಗೆ ಬೂದಿ ಮೆತ್ತಿತ್ತು. “ಮುಚ್ಚಿದ ಹಗೇವಿನಾಗೆ ಕೆಟ್ಟ ಗಾಳಿ ಕುಂತಿರ್ತೈತೆ. ಇಳಿದೋರ ಉಸ್ರು ಅಲ್ಲೇ ಕಟ್ತೈತೆ. ನಮ್ಮ ಚಿಕ್ಕಪ್ಪ ರಾಗಿ ತೆಗೆಯಕ್ಕೆ ಇಳಿದೋನು ಮ್ಯಾಲಕ್ಕೆ ಬರ್ಲಿಲ್ಲ. ಅವನ್ನ ಎತ್ತಕ್ಕೆ ಅಂತ ಇಳಿದ ಅವನ ಮಗನೂ ಬರ್ಲಿಲ್ಲ. ಇಬ್ರನ್ನೂ ಒಂದೇ ಗಾಡೀಲಿ ಹಾಕ್ಕೊಂಡು ಹೋದ್ರು. ಇವತ್ತು ಕಲ್ಲು ಸರಿಸಿದ್ರೆ ನಾಳೆ ದೀಪ ಇಳಿಸಿ ನೋಡಿ, ದೀಪ ಉರುದ್ರೆ ಮಾತ್ರ ಆಳು ಇಳಿಸ್ತಿದ್ರು ಕಣಮ್ಮ!”

ಮೂರು ದಿನ ಅಡಗಿದ್ದಳಲ್ಲ ತಿಮ್ಮಿ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಾದಂಬರಿ ಬರೆದವರಿಗೆ ಇದು ಗೊತ್ತಿರಲಿಲ್ಲ. ಓದಿ ಹೇಳಿದ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದ ಹೆಂಗಸು ನನ್ನ ತರಗತಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ದಿನಾ ಸಾಂಬಾರು ಕುದಿಸುತ್ತಿದ್ದಳು. ಅವಳನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆದಿರಲಿಲ್ಲ.

ಇಬ್ಬರೂ ಓಡಿದೆವು. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅರಳಿಕಟ್ಟೆಯ ಮೇಲೆ ಅಡವಯ್ಯ ಕೂತಿದ್ದ. ಹಿಂದೆಲ್ಲ ಊರಿನವರ ಹಗೇವು ತೆಗೆದು ಕೊಡುತ್ತಿದ್ದವನು ಇವನೇ ಎಂದು ಓಡುತ್ತಲೇ ಚಿಕ್ಕಹನುಮಕ್ಕ ಹೇಳಿದಳು. ಅವನಿಗೆ ವಿಷಯ ಹೇಳಲು ನನ್ನಿಂದ ಆಗಲಿಲ್ಲ, ಉಸಿರು ಸಾಲಲಿಲ್ಲ. ಅವಳೇ ಕೂಗಿ ಹೇಳಿದಳು. ಮುದುಕ ಕೋಲನ್ನೂ ತೆಗೆದುಕೊಳ್ಳದೆ ಎದ್ದ.

“ಹಳೇ ಬೀದೀಲಿ ಮೂರೇ ಇರೋದು. ಒಂದ್ರ ಮ್ಯಾಲೆ ತಿಪ್ಪೆ ಐತೆ, ಒಂದನ್ನ ಮಣ್ಣು ತುಂಬಿ ಮುಚ್ಚವ್ರೆ. ಇನ್ನೊಂದು ಬಿದ್ದ ಮನೆ ಹಿತ್ಲಾಗೆ. ನಲ್ಲಿ ಪೈಪ್ ಹಾಕಕ್ಕೆ ಜೆಸಿಬಿ ತಂದು ಅಗೆದ್ರಲ್ಲ ಹೋದ ವಾರ, ಅದರ ಕಲ್ಲು ಸಡ್ಲಾಗೈತೆ, ಮಕ್ಳು ನೂಕಿದ್ರೂ ಸರೀತೈತೆ. ಅಲ್ಲೇ ನಡೀರಿ.”

ಗೋಡೆ ಬಿದ್ದ ಮನೆಯ ಹಿತ್ತಿಲು ಸೇರುವ ಮೊದಲೇ ಆರ್ಜೂಳ ಧ್ವನಿ ಕೇಳಿಸಿತು. “ಮಧೂ... ಮಧೂ...” ಕೂಗಿ ಕೂಗಿ ಅದು ಒಡೆದುಹೋಗಿತ್ತು. ಹೊಂಗೆ ಮರದ ಬುಡಕ್ಕೆ ಹಸು ಕಟ್ಟುವ ಹಗ್ಗವೊಂದು ಬಿಗಿದಿತ್ತು, ಅದರ ಇನ್ನೊಂದು ತುದಿ ನೆಲದ ತೂತಿನೊಳಗೆ ಹೋಗಿತ್ತು. ಆರ್ಜೂ ಆ ತೂತಿನ ಪಕ್ಕ ಬೋರಲು ಬಿದ್ದಿದ್ದಳು.

“ಎಷ್ಟೊತ್ತಾಯ್ತು?” ಅಂದ ಅಡವಯ್ಯ.

“ಗೊತ್ತಿಲ್ಲ ತಾತ. ಇಳಿದ್ಲು, ನಗಾಡಿದ್ಲು, ತಲೆ ತಿರುಗ್ತೈತೆ ಅಂದ್ಲು. ಆಮೇಲೆ ಮಾತೇ ಆಡ್ಲಿಲ್ಲ.”

“ಬಂದು ಯಾಕೆ ಹೇಳಲಿಲ್ಲ?” ಎಂದು ಅವಳ ತೋಳು ಹಿಡಿದು ಅಲುಗಾಡಿಸಿದೆ.

“ನೀವು ಬೈತೀರ ಅಂತ ಮಿಸ್,” ಅಂದಳು ಆರ್ಜೂ.

ನಾನು ತೂತಿನ ಮೇಲೆ ಬಗ್ಗಿದೆ. ಹುಳಿ ಹುಳಿಯಾದ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಕಣ್ಣು ಹೊಂದಿಕೊಂಡ ಮೇಲೆ ಎರಡಾಳು ಆಳದಲ್ಲಿ ಮಧುಶ್ರೀಯ ಜಡೆಯ ಬಿಳಿ ರಿಬ್ಬನ್ನು ಕಂಡಿತು. ಕಲ್ಲು ಸರಿದಾಗ ಒಳಗೆ ಉದುರಿದ್ದ ಮಣ್ಣಿನ ಗುಡ್ಡೆಯ ಮೇಲೆ ಅವಳು ಒರಗಿ ಬಿದ್ದಿದ್ದಳು, ತಲೆ ಮೇಲೆ, ಕಾಲು ಕೆಳಗೆ. “ಮಧುಶ್ರೀ! ಮಧುಶ್ರೀ!” ಎಂದು ಕಿರುಚಿದೆ. ರಿಬ್ಬನ್ನು ಅಲುಗಲಿಲ್ಲ. ಅಡವಯ್ಯ ನನ್ನ ಜಡೆ ಹಿಡಿದೇ ಹಿಂದಕ್ಕೆ ಎಳೆದ.

“ಬಗ್ಗಬ್ಯಾಡ ತಾಯಿ, ನೀನೂ ಬಿದ್ದೀಯ. ಲೇ, ಯಾರಾದ್ರೂ ದೀಪ ತರ್ರಲಾ!”

ಅಷ್ಟರಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಯಾರೋ 108ಕ್ಕೆ ಫೋನ್ ಮಾಡಿದರು, ಯಾರೋ ಫೈರ್ ಎಂಜಿನ್ನಿಗೆ. ಮಧುಗಿರಿಯಿಂದ ಬರಲು ಮುಕ್ಕಾಲು ಗಂಟೆ ಎಂದರು. ಪಕ್ಕದ ಮನೆಯ ಹೆಂಗಸು ದೇವರ ಮುಂದಿನ ಹಣತೆಯನ್ನೇ ತಂದುಕೊಟ್ಟಳು. ಅಡವಯ್ಯ ಅದನ್ನು ಬಕೆಟ್ಟಿನಲ್ಲಿಟ್ಟು ಹಗ್ಗ ಕಟ್ಟಿ ಇಳಿಸಿದ. ಹಗೇವಿನ ಕುತ್ತಿಗೆ ದಾಟುವ ತನಕ ದೀಪ ಚೆನ್ನಾಗಿ ಉರಿಯಿತು. ಕೆಳಕ್ಕೆ ಹೋದಂತೆ ಕುಗ್ಗಿತು. ಮಧುಶ್ರೀಯ ತಲೆಯ ಹತ್ತಿರ ಬಂದಾಗ ಕಡಲೆಕಾಳಿನಷ್ಟಾಯಿತು, ಆದರೆ ಆರಲಿಲ್ಲ. ಅವನು ಇನ್ನೂ ಒಂದು ಮೊಳ ಬಿಟ್ಟ. ಅವಳ ಕಾಲ ಬಳಿ ದೀಪ ಫಕ್ಕನೆ ಆರಿಹೋಯಿತು.

“ಅಂದರೆ?” ಅಂದೆ.

“ತಲೆತಾವ ಒಂದೀಟು ಗಾಳಿ ಐತೆ. ಜಾರಿ ಕೆಳಕ್ಕೆ ಹೋದ್ಲೋ, ಮುಗೀತು.”

ಗಂಡಸರು ಹೊಂಗೆ ಕೊಂಬೆ ಮುರಿದು ಕಟ್ಟು ಕಟ್ಟಿದರು. ಅದನ್ನು ಹಗ್ಗಕ್ಕೆ ಬಿಗಿದು, ಮಗುವಿಗೆ ತಗಲದ ಹಾಗೆ ಒಂದು ಬದಿಯಲ್ಲಿ ಇಳಿಸುವುದು ಎಳೆಯುವುದು, ಇಳಿಸುವುದು ಎಳೆಯುವುದು ಮಾಡಿದರು. ಒಳಗಿನ ಗಾಳಿ ಕದಡಲಿ ಅಂತ. ಪ್ರತಿ ಸಲ ಕೊಂಬೆ ಇಳಿದಾಗಲೂ ರಿಬ್ಬನ್ನು ಒಂದಿಷ್ಟು ಕೆಳಕ್ಕೆ ಸರಿದಂತೆ ನನಗೆ ಕಾಣುತ್ತಿತ್ತು. ನಿಜವಾಗಿ ಸರಿಯುತ್ತಿತ್ತೋ, ನನ್ನ ಕಣ್ಣಿನ ಭ್ರಮೆಯೋ ತಿಳಿಯಲಿಲ್ಲ.

“ಇನ್ನು ಕಾಯಂಗಿಲ್ಲ,” ಅಂದ ಅಡವಯ್ಯ. “ಉಸ್ರು ಬಿಗಿ ಹಿಡಿದು ಇಳಿದು, ಮಗೀನ ಕಂಕುಳಿಗೆ ಹಗ್ಗ ಕಟ್ಟಿ, ಹಗ್ಗ ಅಲುಗಿಸ್ಬೇಕು. ಬಾಯಿ ನೋಡ್ರಿ ಎಷ್ಟೈತೆ. ದಪ್ಪ ಆಳು ತೂರಲ್ಲ. ಸಣ್ಣ ಮೈಯೋರು ಬೇಕು.”

ಅಲ್ಲಿದ್ದ ಗಂಡಸರೆಲ್ಲ ಗೇಯ್ಮೆ ಮಾಡಿ ಭುಜ ಅಗಲವಾದವರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ನಲವತ್ತೈದು ಕೆ.ಜಿ. ತೂಗುವವಳು ಅಲ್ಲಿ ನಾನೊಬ್ಬಳೇ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಟೀಚರಮ್ಮನನ್ನು ಹೇಗೆ ಕೇಳುವುದು?

ನಾನು ಇಳಿಯುತ್ತೇನೆ ಎಂದು ನಾನೇ ಹೇಳಬೇಕಿತ್ತು. ನಾಲಗೆ ತಿರುಗಲಿಲ್ಲ. ಆರಿದ ಹಣತೆಯ ಬತ್ತಿಯೊಂದೇ ಕಣ್ಣ ಮುಂದೆ ಇತ್ತು. ಅವರು ಕೂತ ಜಾಗದಲ್ಲಿ ಕೂತು ನೋಡಿ ಎಂದು ಇಪ್ಪತ್ತಮೂರು ಮಕ್ಕಳಿಗೆ ಹೇಳಿದವಳು, ನನಗೆ ಸಾಯಲು ಇಷ್ಟವಿರಲಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಜನ ದಾರಿ ಬಿಟ್ಟರು. ಸಿದ್ದಗಂಗಮ್ಮ ಬಂದಿದ್ದಳು. ಹೊಲದಿಂದ ಓಡಿ ಬಂದವಳು, ಮಂಡಿಯವರೆಗೆ ಕೆಂಪು ಮಣ್ಣು, ಕೈಯಲ್ಲಿ ಇನ್ನೂ ಕಳೆ ಕೀಳುವ ವಾರೆಗುದ್ದಲಿ. ಅವಳು ಅಳಲಿಲ್ಲ, ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ. ತೂತು ನೋಡಿದಳು, ಹಗ್ಗ ನೋಡಿದಳು, ವಾರೆಗುದ್ದಲಿ ಕೆಳಗಿಟ್ಟಳು.

“ನಂಗೆ ಹಗ್ಗ ಕಟ್ಟು ಅಡವಯ್ಯಣ್ಣ.”

“ಕೆಳಗೆ ಉಸ್ರು ತಗೀಬ್ಯಾಡ ಕಣವ್ವ. ಎದೆ ಹೊಡ್ಕಂಡ್ರೂ ತಗೀಬ್ಯಾಡ. ಮೂವತ್ತು ಎಣಿಸ್ತೀನಿ, ಆಮೇಲೆ ನೀನು ಏನಂದ್ರೂ ಕೇಳಲ್ಲ, ಎಳೆದುಬುಡ್ತೀನಿ.”

ಅವಳು ಸೆರಗು ಸಿಕ್ಕಿಸಿಕೊಂಡು, ಮಗುವಿಗೆ ಕಟ್ಟಲು ಇನ್ನೊಂದು ಹಗ್ಗ ಕೈಯಲ್ಲಿ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು ಇಳಿದಳು. ಭುಜ ತರಚಿ ರವಿಕೆ ಹರಿಯಿತು. ಅಡವಯ್ಯ ಜೋರಾಗಿ ಎಣಿಸಿದ. ಎಲ್ಲರೂ ಅವನ ಜತೆ ಎಣಿಸಿದರು, ನಾನೂ ಎಣಿಸಿದೆ. ಹತ್ತು. ಕತ್ತಲಲ್ಲಿ ಅವಳ ಕೈ ತಡಕಾಡುವುದು ಕಾಣುತ್ತಿತ್ತು. ಹದಿನೆಂಟು. ಗಂಟು ಜಾರಿತು, ಮತ್ತೆ ಹಾಕಿದಳು. ಇಪ್ಪತ್ತಾರಕ್ಕೆ ಎರಡನೇ ಹಗ್ಗ ಅಲುಗಿತು.

“ಎಳೀರ್ಲಾ!”

ಮಧುಶ್ರೀ ಮೊದಲು ಬಂದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ತುಟಿ ನೀಲಿಯಾಗಿತ್ತು. ಅವಳ ಹಿಂದೆಯೇ ತಾಯಿಯನ್ನು ಎಳೆದರು. ಅವಳು ಮೇಲೆ ಬಂದವಳೇ ಮಣ್ಣಿನಲ್ಲಿ ಬಿದ್ದು, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದಳು. ಚಿಕ್ಕಹನುಮಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಉಜ್ಜಿದಳು, ಗುದ್ದಿದಳು, ಮುಖಕ್ಕೆ ನೀರೆರಚಿದಳು, ಹೆಸರು ಹಿಡಿದು ಬೈದಳು. ನಾನು ಮಗುವಿನ ಕಾಲು ಹಿಡಿದು ಕೂತಿದ್ದೆ. ಕಾಲು ತಣ್ಣಗಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಮಧುಶ್ರೀ ಒಂದು ಸಲ ಬಿಕ್ಕಿ, ಹಳದಿ ನೀರು ಕಕ್ಕಿ, ಸಣ್ಣಗೆ ಅಳಲು ಶುರು ಮಾಡಿದಳು. ಅಂಥ ಚೆಂದದ ಅಳುವನ್ನು ನಾನು ಕೇಳಿಯೇ ಇರಲಿಲ್ಲ.

ನಂದೀಶ್ವರಯ್ಯನವರು ಆಗ ಏದುಸಿರು ಬಿಡುತ್ತಾ ಬಂದರು. ಮಗು ಬದುಕಿದೆ ಎಂದು ಕಂಡ ಕೂಡಲೇ ಅವರೊಳಗಿನ ಹೆಡ್‌ಮಾಸ್ಟರು ಎದ್ದು ಕೂತರು. “ಯಾರಮ್ಮ ನಿನ್ನನ್ನ ಇಲ್ಲಿಗೆ ಕಳಿಸಿದ್ದು? ಹೇಳು.”

ಮಧುಶ್ರೀ ಕಣ್ಣು ತಿರುಗಿಸಿ ನನ್ನನ್ನು ಹುಡುಕಿದಳು. ನೋಡಿದಳು. “ಯಾರೂ ಇಲ್ಲ ಸಾ. ನಾನೇ ಬಂದೆ” ಅಂದಳು.

ಹೆಡ್‌ಮಾಸ್ಟರು ಉಸ್ಸೆಂದರು. ಸರಿ, ಮಕ್ಕಳ ಹುಡುಗಾಟ, ಎಂದು ಸುತ್ತ ನಿಂತವರಿಗೆ ಕೇಳುವ ಹಾಗೆ ಹೇಳಿದರು. ಆರ್ಜೂ ತಲೆ ತಗ್ಗಿಸಿದಳು, ಚಿಕ್ಕಹನುಮಕ್ಕ ನನ್ನ ಕಡೆ ನೋಡಲಿಲ್ಲ. ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ಆದರೆ ಸಿದ್ದಗಂಗಮ್ಮ ತೆವಳಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀವು ಹುಡುಕ್ಕಂಡು ಬಂದಿದ್ಕೆ ನನ್ನ ಕೂಸು ಉಳೀತು ಮಿಸ್. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಹಗೇವಿನ ಬಾಯಿ ನೋಡಿದಾಗಿನ ಭಯಕ್ಕಿಂತ ದೊಡ್ಡ ಭಯವೊಂದು ನನ್ನೊಳಗೆ ಎದ್ದಿತು. ಸುಮ್ಮನಿದ್ದರೆ ಈ ಹರಕೆಯನ್ನು ಜೀವಮಾನವಿಡೀ ಹೊತ್ತುಕೊಂಡು ತಿರುಗಬೇಕು.

“ನಾನೇ ಹೇಳಿದ್ದು ಸಿದ್ದಗಂಗಮ್ಮ. ಹಗೇವು ಹುಡುಕಿ, ಒಳಗೆ ಕೂತು ನೋಡಿ ಅಂತ ನಿನ್ನೆ ಕ್ಲಾಸಿನಲ್ಲಿ ನಾನೇ ಹೇಳಿದ್ದು. ಅವಳದೇನೂ ತಪ್ಪಿಲ್ಲ.”

ಅವಳು ನನ್ನ ಕೈ ಬಿಟ್ಟಳು. ಮಗಳ ಪಕ್ಕಕ್ಕೆ ಹೋಗಿ ಕೂತು, ಆಂಬುಲೆನ್ಸ್ ಬರುವ ತನಕ ಅವಳ ತಲೆಗೂದಲಿನಿಂದ ಮಣ್ಣು ಆರಿಸುತ್ತಿದ್ದಳು.

ಮಗುವನ್ನು ಮಧುಗಿರಿಯ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡಿದ್ದರು. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಶನಿವಾರ ಒಂದು ಸಲ, ಭಾನುವಾರ ಒಂದು ಸಲ ಗೇಟಿನವರೆಗೆ ಹೋಗಿ ಹಣ್ಣಿನ ಚೀಲ ಹಿಡಿದುಕೊಂಡೇ ವಾಪಸು ಬಂದೆ. ಭಾನುವಾರ ಸಂಜೆ ಹೆಡ್‌ಮಾಸ್ಟರು ಫೋನ್ ಮಾಡಿ, ಮಗು ಹುಷಾರಾಗಿದೆ, ಊರಿಗೆ ಕಳಿಸಿದರು ಎಂದು ತಿಳಿಸಿದರು. “ಮಗುವೇ ನಿಮ್ಮನ್ನ ಉಳಿಸಿತ್ತಲ್ಲ ಮೇಡಂ, ನೀವ್ಯಾಕೆ ಬಾಯಿ ಬಿಟ್ರಿ?” ಎಂದು ಕೇಳಿದರು. ನಾನು ಫೋನ್ ಇಟ್ಟೆ.

ಸೋಮವಾರ ಬಸ್ಸು ಊರಿನ ತಿರುವಿಗೆ ಬಂದಾಗ ಕಿಟಕಿಯಿಂದಲೇ ಸಿದ್ದಗಂಗಮ್ಮ ಕಾಣಿಸಿದಳು. ಪಕ್ಕದಲ್ಲಿ ಯೂನಿಫಾರ್ಮು ಹಾಕಿಕೊಂಡು ಮಧುಶ್ರೀ. ನನಗೆ ಇಳಿಯದೆ ಮುಂದಿನ ಊರಿಗೆ ಹೋಗಿಬಿಡೋಣ ಅನ್ನಿಸಿತು. ಜನರ ಮುಂದೆ ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಕಂಡಕ್ಟರ್ ಎರಡು ಸಲ ಸೀಟಿ ಊದಿದ ಮೇಲೆ ಇಳಿದೆ.

“ಬ್ಯಾರೆ ಶಾಲೆಗೆ ಹಾಕಾನ ಅಂದ್ರೆ ಇದು ಒಪ್ಪವಲ್ಲದು,” ಅಂದಳು ಸಿದ್ದಗಂಗಮ್ಮ. ನನ್ನ ಮುಖ ನೋಡದೆ ಬಸ್ಸಿನ ಚಕ್ರ ನೋಡುತ್ತಾ ಮಾತಾಡಿದಳು. “ಮಿಸ್ಸು ಮಿಸ್ಸು ಅಂತ ಎರಡು ದಿನ ಅದೇ ಜಪ. ನಾನು ಹೊಲಕ್ಕೋಗ್ಬೇಕು, ಮನ್ಯಾಗೆ ನೋಡ್ಕಳೋರಿಲ್ಲ. ಅದಕ್ಕೇ ಕಳಿಸ್ತಿದ್ದೀನಿ.”

ಆಮೇಲೆ ಮಗಳ ಮುಂಗೈ ಹಿಡಿದು ತಂದು ನನ್ನ ಅಂಗೈಯೊಳಗೆ ಇಟ್ಟಳು. ನನ್ನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿದಳು.

“ಸಂಜೆ ಇಲ್ಲೇ ನಿಂತಿರ್ತೀನಿ. ಯಾರ ಜತೆಗೂ ಕಳಿಸ್ಬ್ಯಾಡಿ. ನೀವೇ ತಂದು, ಇಂಗೇ, ನನ್ನ ಕೈಗೆ ಕೊಡ್ಬೇಕು. ದಿನಾ.”

ಅವಳು ಹೊಲದ ದಾರಿ ಹಿಡಿದಳು, ತಿರುಗಿ ನೋಡಲಿಲ್ಲ. ಬಸ್ ಸ್ಟಾಪಿನಿಂದ ಶಾಲೆಗೆ ಅರ್ಧ ಫರ್ಲಾಂಗು. ದಾರಿಯ ಪಕ್ಕಕ್ಕೆ ಪೈಪಿನ ಕಾಲುವೆ ಇನ್ನೂ ಮುಚ್ಚದೆ ಬಿದ್ದಿತ್ತು, ಅದರಾಚೆ ಒಂದು ಲಾರಿ ನಿಂತಿತ್ತು, ಎರಡು ನಾಯಿ ಮಲಗಿದ್ದವು. ದಿನಾ ಇದೇ ದಾರಿಯಲ್ಲಿ ನಡೆದಿದ್ದೆ, ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಒಂದೊಂದನ್ನೂ ದಾಟುವಾಗ ಮಗುವನ್ನು ನನ್ನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ. ಸಂಜೆ ನಾಲ್ಕೂವರೆಗೆ ಇನ್ನೂ ಏಳು ಗಂಟೆ ಇತ್ತು.

“ಮಿಸ್,” ಅಂದಳು ಮಧುಶ್ರೀ. “ಮೆಲ್ಲಗೆ ಹಿಡ್ಕಳಿ. ನೋಯ್ತೈತೆ.”

“ಗೊತ್ತು ಕಣಮ್ಮ” ಅಂದೆ. ಕೈ ಸಡಿಲಿಸಲು ಮಾತ್ರ ನನ್ನಿಂದ ಆಗಲಿಲ್ಲ.